ಬಲಮೂಲೆಯ ಹೋಳಿಗೆ

ಟೀವಿಯ ಪರದೆಯ ಮೇಲೆ ಸದಾ ಇದ್ದೂ ಯಾರ ಕಣ್ಣಿಗೂ ಬೀಳದ ವಸ್ತು ಒಂದಿದೆ. ಬಲಗಡೆಯ ಮೇಲ್ಮೂಲೆಯಲ್ಲಿ ಕೂತಿರುವ ವಾಹಿನಿಯ ಲಾಂಛನ. ನಾಯಕಿ ಮೂರ್ಛೆ ಹೋಗಲಿ, ಅತ್ತೆ ಸೊಸೆಗೆ ಶಾಪ ಹಾಕಲಿ, ವಾರ್ತೆಯಲ್ಲಿ ಸರ್ಕಾರವೇ ಉರುಳಿಬೀಳಲಿ, ಅದು ಮಾತ್ರ ಕೂತ ಜಾಗ ಬಿಡದೆ, ಮುಖಭಾವ ಬದಲಿಸದೆ, ಮದುವೆಯ ಆಲ್ಬಮ್ಮಿನ ಪ್ರತಿ ಫೋಟೋದ ಅಂಚಿನಲ್ಲಿ ನಿಂತಿದ್ದರೂ ಯಾರ ಕಡೆಯವನೆಂದು ಯಾರಿಗೂ ಗೊತ್ತಿಲ್ಲದ ನೆಂಟನ ಹಾಗೆ ಇದ್ದುಬಿಡುತ್ತದೆ. ನಂಬಿಕೆ ಬಾರದಿದ್ದರೆ ಒಂದು ಪರೀಕ್ಷೆ ಮಾಡಿಕೊಳ್ಳಿ. ನೀವು ಹತ್ತು ವರ್ಷದಿಂದ ದಿನವೂ ನೋಡುವ ವಾಹಿನಿಯ ಲಾಂಛನವನ್ನು, ಟೀವಿ ಆರಿಸಿ, ಕಾಗದದ ಮೇಲೆ ಬರೆಯಿರಿ. ಬಣ್ಣವೇನೋ ಹೊಳೆಯುತ್ತದೆ, ದುಂಡಗಿತ್ತೋ ಚೌಕವಾಗಿತ್ತೋ ಎಂಬಲ್ಲಿಗೆ ಬಂದಾಗ ಪೆನ್ಸಿಲು ತಡವರಿಸುತ್ತದೆ. ನನ್ನ ಹೆಂಡತಿ ಸರೋಜಾ ಬಹಳ ಆತ್ಮವಿಶ್ವಾಸದಿಂದ ಬರೆದು ತೋರಿಸಿದ್ದು ಅವಳ ಪ್ರೆಶರ್ ಕುಕ್ಕರಿನ ಕಂಪನಿಯ ಗುರುತಾಗಿತ್ತು.

ಈ ಪರೀಕ್ಷೆಯಲ್ಲಿ ನಾನೊಬ್ಬ ಮಾತ್ರ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗುವವನು ಎಂಬ ಅಹಂಕಾರ ನನಗಿತ್ತು. ಇತ್ತು ಎಂದೆನಲ್ಲ, ಅದು ಹೇಗೆ ಇಲ್ಲವಾಯಿತೆಂದು ಹೇಳಲೆಂದೇ ಈಗ ನಿಮ್ಮ ಪಕ್ಕ ಬಂದು ಕೂತಿದ್ದೇನೆ. ನನ್ನ ನೌಕರಿ ಒಂದು ವಿಮಾ ಕಂಪನಿಯ ಕ್ಲೇಮು ವಿಭಾಗದಲ್ಲಿ. ಜನರ ದುಃಖಗಳು ಅಲ್ಲಿಗೆ ಮೂರು ಪ್ರತಿಗಳಲ್ಲಿ ಬರುತ್ತವೆ. ಆ ದುಃಖ ಅಸಲಿಯೋ ನಕಲಿಯೋ ಎಂದು ನೋಡುವುದು ನಮ್ಮ ಕಾಯಕ. ಒಮ್ಮೆ ಒಂದು ಆಸ್ಪತ್ರೆಯ ಬಿಲ್ಲು ಬಂತು. ಸಹಿ ಸರಿ, ಮೊಹರು ಸರಿ, ಕಾಯಿಲೆಯೂ ಸರಿ. ಆದರೆ ಬಿಲ್ಲಿನ ನೆತ್ತಿಯ ಮೇಲಿನ ಲಾಂಛನದಲ್ಲಿ ಎರಡು ಎಲೆಗಳಿರಬೇಕಾದಲ್ಲಿ ಮೂರಿದ್ದವು. ಆ ಒಂದು ಹೆಚ್ಚಿನ ಎಲೆಯನ್ನು ಕಂಡುಹಿಡಿದದ್ದಕ್ಕೆ ಕಚೇರಿಯಲ್ಲಿ ನನಗೆ ಹದ್ದಿನ ಕಣ್ಣಿನವನೆಂಬ ಬಿರುದು ಬಂತು. ಬಿರುದು ಕೊಟ್ಟವರು ಮರುದಿನವೇ ಮರೆತರು. ನಾನು ಇಪ್ಪತ್ತು ವರ್ಷ ಮರೆಯಲಿಲ್ಲ.

ನನ್ನ ಲಾಂಛನಪ್ರೇಮ ಶುರುವಾದದ್ದು ಸೂರತ್ತಿನಲ್ಲಿ, ಅದೂ ಪ್ರೇಮದಿಂದಲ್ಲ, ಗತ್ಯಂತರವಿಲ್ಲದೆ. ಗದಗಿನಿಂದ ವರ್ಗವಾಗಿ ಅಲ್ಲಿಗೆ ಹೋದ ಹೊಸದರಲ್ಲಿ ನಮ್ಮ ಮಗಳು ಪ್ರಣತಿ ಹುಟ್ಟುವುದರಲ್ಲಿದ್ದಳು. ಬಾಣಂತನಕ್ಕೆಂದು ನನ್ನ ಅವ್ವ ಒಂದು ಟ್ರಂಕು, ಎರಡು ಚೀಲ ಜೋಳದ ಹಿಟ್ಟು ಮತ್ತು ಮೂರು ತಿಂಗಳ ಮಟ್ಟಿಗೆ ಎಂಬ ಷರತ್ತಿನೊಂದಿಗೆ ಬಂದಿಳಿದಳು. ಆ ಮೂರು ತಿಂಗಳು ಇನ್ನೂ ಮುಗಿದಿಲ್ಲ. ಅಪ್ಪ ಆಗಲೇ ತೀರಿಕೊಂಡಿದ್ದರು. ಊರಿನಲ್ಲಿ ಅವಳನ್ನು ಹಿಡಿದಿಡುವಂಥದ್ದೇನೂ ಇರಲಿಲ್ಲ, ಸಂಜೆಯ ಕನ್ನಡ ಧಾರಾವಾಹಿಯ ಹೊರತಾಗಿ. ಸೂರತ್ತಿನ ನಮ್ಮ ಕೇಬಲಿನಲ್ಲಿ ಕನ್ನಡವೇ ಇರಲಿಲ್ಲ. ಎರಡನೆಯ ವಾರಕ್ಕೆ ಅವ್ವ ಮಾತು ಕಡಿಮೆ ಮಾಡಿದಳು. ಮೂರನೆಯ ವಾರಕ್ಕೆ ಗದಗಿನ ರೈಲಿನ ವೇಳೆ ಕೇಳಲು ಶುರುಮಾಡಿದಳು.

ನಾನು ಕೇಬಲ್ಲಿನ ಕಾಂತಿಭಾಯಿಯ ಬೆನ್ನು ಬಿದ್ದೆ. ಮಗ್ಗದ ಕೆಲಸಕ್ಕೆ ಬಂದ ತೆಲುಗರು, ಒಡಿಶಾದವರು ಆ ಊರಿನಲ್ಲಿ ಸಾಕಷ್ಟಿದ್ದುದರಿಂದ ಅವರ ವಾಹಿನಿಗಳು ಅವನಿಗೆ ಗೊತ್ತಿದ್ದವು. ಕನ್ನಡ ಎಂದರೆ ಮಾತ್ರ ಅವನು ವಿನಯದಿಂದ ತಲೆಯಾಡಿಸಿ ಮತ್ತೊಂದು ತೆಲುಗು ವಾಹಿನಿಯನ್ನು ಕೊಟ್ಟು ಹೋಗುತ್ತಿದ್ದ. ಹೀಗೆ ಮೂರು ಬಾರಿ ಆದಮೇಲೆ ನಾನು ಒಂದು ಹಾಳೆ ತೆಗೆದುಕೊಂಡು ನಮ್ಮ ವಾಹಿನಿಯ ಲಾಂಛನವನ್ನು ನೆನಪಿನಿಂದ ಬರೆದು, ಹಳದಿ ಬಣ್ಣ ತುಂಬಿ, ಇದು ಯಾವ ಮೂಲೆಯಲ್ಲಿ ಕಂಡರೂ ಅಲ್ಲೇ ನಿಲ್ಲಿಸು ಎಂದು ಅವನ ಕೈಗಿತ್ತೆ. ಕಾಂತಿಭಾಯಿ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಅರೇ ಸಾಹೇಬ್, ಆ ತೋ ಘಾರಿ ಛೇ!" ಎಂದು ನಕ್ಕ. ಘಾರಿ ಎಂದರೆ ತುಪ್ಪದಲ್ಲಿ ಮೀಯಿಸಿದಂತಿರುವ, ಸೂರತ್ತಿನವರು ಪ್ರಾಣ ಬಿಡುವ ಒಂದು ದುಂಡನೆಯ ಸಿಹಿ. ಮರುದಿನ ಸಂಜೆ ಅವನಿಂದ ಫೋನು ಬಂತು. ಘಾರಿ ಸಿಕ್ಕಿತ್ತು. ಅವ್ವ ಪರದೆಯ ಮೂಲೆ ನೋಡಿ, ಬಾಣಂತಿಯ ಕಷಾಯವನ್ನು ಒಲೆಯ ಮೇಲೆಯೇ ಮರೆತು, "ಬಂತು ನೋಡವಾ ಸರೋಜಾ, ನಮ್ಮ ಹೋಳಿಗಿ ಬಂತು!" ಎಂದು ಕೂಗಿದಳು.

ಅಂದಿನಿಂದ ನಮ್ಮ ಮನೆಯಲ್ಲಿ ಅದು ಹೋಳಿಗೆ ಚಾನೆಲ್. ವಾಹಿನಿಯ ನಿಜನಾಮವನ್ನು ನಾವು ಯಾರೂ ಉಚ್ಚರಿಸುವುದಿಲ್ಲವಾದ್ದರಿಂದ ಇಲ್ಲಿಯೂ ಉಚ್ಚರಿಸದೆ ಮುಂದುವರಿಯುತ್ತೇನೆ. ಆ ಮೊದಲ ಲಾಂಛನವನ್ನು ಬರೆದ ಕಲಾವಿದ ಪಾಪ ಉದಯರವಿಯನ್ನೋ ನವಚೈತನ್ಯವನ್ನೋ ಮನಸ್ಸಿನಲ್ಲಿಟ್ಟುಕೊಂಡಿದ್ದಿರಬೇಕು. ಹೊಂಬಣ್ಣದ ತುಂಬು ವೃತ್ತ, ಅದರ ಮೇಲೆ ಅಡ್ಡಲಾಗಿ ಮಡಚಿದಂತೆ ಒಂದು ಬಾಗು. ಸೂರ್ಯನಾಗಲು ಹೊರಟದ್ದು ಹೆಂಚಿನ ಮೇಲಿಂದ ತೆಗೆದು ಮಡಚಿಟ್ಟ ಹೋಳಿಗೆಯಾಗಿ ಪ್ರಸಿದ್ಧವಾಯಿತು. ಅಂದಿನ ಲಾಂಛನಗಳಿಗೆ ಸಂಕೋಚವೆಂಬುದು ತಿಳಿಯದು. ಪರದೆಯ ಒಂದು ಮೂಲೆಯನ್ನು ಸಂಪೂರ್ಣವಾಗಿ ಸ್ವಾಧೀನಪಡಿಸಿಕೊಂಡು, ಹಿಂದೆ ಏನು ನಡೆಯುತ್ತಿದ್ದರೂ ಕಾಣದಂತೆ ಕೂತುಬಿಡುತ್ತಿದ್ದವು. ಖಳನಾಯಕ ಬಲಗಡೆಯಿಂದ ಪ್ರವೇಶಿಸಿದರೆ ಮೊದಲು ಅವನ ಎದೆ, ಆಮೇಲೆ ಹೋಳಿಗೆಯನ್ನು ದಾಟಿದ ಬಳಿಕ ಅವನ ತಲೆ.

ಆಮೇಲೆ ಅಹಮದಾಬಾದು, ಮಣಿನಗರದ ಎರಡು ಕೋಣೆಯ ಬಾಡಿಗೆ ಮನೆ. ನಾವು ಊರು ಬದಲಿಸಿದ ವರ್ಷವೇ ವಾಹಿನಿಯೂ ವೇಷ ಬದಲಿಸಿತು. ಅದು ಜಗತ್ತಿನ ಸಮಸ್ತ ಲಾಂಛನಗಳೂ ಚಪ್ಪಟೆತನವನ್ನು ತ್ಯಜಿಸಿ ಉಬ್ಬತೊಡಗಿದ್ದ ಕಾಲ. ನಮ್ಮ ಹೋಳಿಗೆಯೂ ಉಬ್ಬಿ ಪೂರಿಯಾಯಿತು. ಅದರ ಸುತ್ತ ಗಾಜಿನ ಬಳೆ, ಬಳೆಯ ಮೇಲೆ ಆಗಾಗ ಹರಿದುಹೋಗುವ ಒಂದು ಹೊಳಪು, ಹತ್ತು ನಿಮಿಷಕ್ಕೊಮ್ಮೆ ತನ್ನ ಸುತ್ತ ತಾನೇ ಒಂದು ಪ್ರದಕ್ಷಿಣೆ. ಧಾರಾವಾಹಿಯಲ್ಲಿ ಯಾರಾದರೂ ಕಡೆಯ ಉಸಿರೆಳೆಯುವ ಹೊತ್ತಿಗೇ ಅದು ಗಿರ್ರನೆ ತಿರುಗಿ ಫಳಕ್ಕನೆ ಹೊಳೆದು, ಸೂತಕದ ಮನೆಗೆ ಜರಿಸೀರೆ ಉಟ್ಟು ಬಂದವಳಂತೆ ಮುಜುಗರ ಉಂಟುಮಾಡುತ್ತಿತ್ತು. ಅಡಿಭಾಗದಲ್ಲಿಯೂ ಒಕ್ಕಲೆಬ್ಬಿಸಲಾಗದ ಬಾಡಿಗೆದಾರರು ಸೇರಿಕೊಂಡರು. ಮುಂದೆ ಬರುವ ಕಾರ್ಯಕ್ರಮದ ನಾಯಕ ಒಂದು ಪಟ್ಟಿಯೊಂದಿಗೆ ನೆಲದಿಂದ ಮೊಳೆತು, ಈಗ ನಡೆಯುತ್ತಿರುವ ಕಾರ್ಯಕ್ರಮದ ನಾಯಕನ ಮೊಣಕಾಲ ಬಳಿ ನಿಂತು ನಮಗೆ ಕೈಮುಗಿದು ಮಾಯವಾಗುತ್ತಿದ್ದ.

ಆದರೆ ಆ ಕಾಲದ ಒಂದು ಪದ್ಧತಿಯನ್ನು ಮಾತ್ರ ನಾನು ಮನಸಾರೆ ಪ್ರೀತಿಸಿದೆ. ಲಾಂಛನಕ್ಕೆ ಹಬ್ಬ ಮಾಡಿಸುವ ಪದ್ಧತಿ. ಯುಗಾದಿ ಬಂತೆಂದರೆ ಹೋಳಿಗೆಯ ನೆತ್ತಿಯಿಂದ ಮಾವಿನ ತಳಿರು ಇಳಿಬೀಳುತ್ತಿತ್ತು. ದೀಪಾವಳಿಗೆ ಅದರ ಕಾಲಬುಡದಲ್ಲಿ ಹಣತೆ. ಸಂಕ್ರಾಂತಿಗೆ ಎರಡು ಕಬ್ಬಿನ ಜಲ್ಲೆ. ಪರವೂರಿನಲ್ಲಿರುವವರಿಗೆ ಇದರ ಬೆಲೆ ಗೊತ್ತು. ಗುಜರಾತಿನಲ್ಲಿ ದೀಪಾವಳಿಯ ಮರುದಿನ ಹೊಸ ವರ್ಷ. ನಮ್ಮ ಯುಗಾದಿಯಂದು ಕಚೇರಿ ಎಂದಿನಂತೆ ತೆರೆದಿರುತ್ತದೆ, ಹಾಲಿನವನು ಎಂದಿನಂತೆ ಬಂದು ಹೋಗುತ್ತಾನೆ, ಬೇವಿನ ಮರ ಕೂಡ ತನ್ನ ಪಾಡಿಗೆ ತಾನಿರುತ್ತದೆ. ಇವತ್ತು ಹಬ್ಬವೆಂದು ಇಡೀ ಊರಿನಲ್ಲಿ ನಮ್ಮೊಂದಿಗೆ ಒಪ್ಪುತ್ತಿದ್ದದ್ದು ಆ ಮೂಲೆಯ ಎರಡು ಎಲೆ ತಳಿರು ಮಾತ್ರ. ಅವ್ವ ಅದನ್ನು ನೋಡಿಯೇ ಕಡಲೆಬೇಳೆ ನೆನೆಹಾಕುತ್ತಿದ್ದಳು.

ಕಡೆಗೆ ವಡೋದರಾ. ಗೋರ್ವಾದಲ್ಲಿ ಒಂದು ಫ್ಲಾಟು ಕೊಂಡು, ಇನ್ನು ವರ್ಗವಾದರೆ ನಿವೃತ್ತಿಗೇ ಎಂದು ತೀರ್ಮಾನಿಸಿ ಕೂತೆವು. ಪ್ರಣತಿ ಈಗ ಫತೇಗಂಜಿನ ಕಡೆಯ ಒಂದು ಕಾಲೇಜಿನಲ್ಲಿ ವಿನ್ಯಾಸಕಲೆ ಓದುತ್ತಾಳೆ. ಮೂರು ಊರುಗಳ ಗುಜರಾತಿ ಅವಳ ನಾಲಗೆಯ ಮೇಲೆ ಲೀಲಾಜಾಲವಾಗಿ ಆಡುತ್ತದೆ. ಕನ್ನಡ ಮಾತ್ರ ನೆಂಟರ ಮನೆಗೆ ಬಂದ ಹುಡುಗಿಯ ಹಾಗೆ ಕುರ್ಚಿಯ ಅಂಚಿನಲ್ಲಿ ಕೂತಿರುತ್ತದೆ. ಹೋದ ವರ್ಷ ಅವಳ ತರಗತಿಯಲ್ಲಿ ಯಾವುದಾದರೂ ಒಂದು ಸಂಸ್ಥೆಯ ಲಾಂಛನ ಹೇಗೆ ಬೆಳೆದುಬಂತೆಂದು ಬರೆದುಕೊಂಡು ಬರಲು ಹೇಳಿದರು. ಅವಳು ಹೋಳಿಗೆ ಚಾನೆಲನ್ನು ಆರಿಸಿಕೊಂಡಳು. ಭಾಷಾಭಿಮಾನವೇ ಕಾರಣವೆಂದು ನಾನು ಉಬ್ಬಿದೆ. ಆಮೇಲೆ ತಿಳಿಯಿತು, ಅಪ್ಪ ಕೇಳದಿದ್ದರೂ ಎಲ್ಲ ಹೇಳುತ್ತಾನೆ, ಬರೆದುಕೊಂಡರೆ ಸಾಕು ಎಂಬ ದೂರದೃಷ್ಟಿ ಅದು. ನಾನು ಮೂರು ಸಂಜೆ ಉಪನ್ಯಾಸ ಕೊಟ್ಟೆ. ಅವಳು ಅರ್ಧ ಸಂಜೆ ಕೇಳಿದಳು.

ಆ ಬರಹಕ್ಕಾಗಿ ಅವಳು ನಾವು ಟೀವಿ ನೋಡುವಾಗಿನ ಒಂದು ಫೋಟೋ ತೆಗೆದಿದ್ದಳು, ಟೀವಿಯ ಪಕ್ಕದಲ್ಲಿ ನಿಂತು ನಮ್ಮ ಮುಖಗಳ ಕಡೆಗೆ ತಿರುಗಿ. ಸೋಫಾದ ಮೇಲೆ ನಾನು, ಸರೋಜಾ, ಅವ್ವ. ನಮ್ಮಿಬ್ಬರ ಕಣ್ಣು ಪರದೆಯ ನಡುವಿನಲ್ಲಿ. ಅವ್ವನ ಮುಖ ಮಾತ್ರ ಸ್ವಲ್ಪ ಮೇಲಕ್ಕೆ, ಬಲಮೂಲೆಯ ಕಡೆಗೆ ತಿರುಗಿತ್ತು. "ಅಪ್ಪಾ, ಅಜ್ಜಿ ಪಿಕ್ಚರ್ ನೋಡ್ತಾ ಇಲ್ಲ, ದೇಖೋ ನಾ, ಲೋಗೋ ನೋಡ್ತಿದೆ," ಎಂದು ಪ್ರಣತಿ ತೋರಿಸಿದಳು. ಎಲ್ಲರೂ ನಕ್ಕೆವು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ನನ್ನ ಸೂಕ್ಷ್ಮದೃಷ್ಟಿ ಎಲ್ಲಿಂದ ಬಂತೆಂದು ಇಷ್ಟು ದಿನ ತಿಳಿದಿರಲಿಲ್ಲ, ಮಾತೃಮೂಲದಿಂದಲೇ ಹರಿದುಬಂದದ್ದು ಎಂದು ಆಫೀಸಿನಲ್ಲಿಯೂ ಹೇಳಿಕೊಂಡು ತಿರುಗಿದೆ.

ಹೀಗಿರುವಾಗ, ಕಳೆದ ದೀಪಾವಳಿಯ ಹೊತ್ತಿಗೆ, ವಾಹಿನಿ ಎರಡನೆಯ ಬಾರಿ ಉಡುಪು ಬದಲಿಸಿತು. ವಾರಗಟ್ಟಲೆ ಜಾಹೀರಾತು ನಡೆಯಿತು. ಹೊಸ ರೂಪ, ಹೊಸ ಬೆಳಕು, ಹೊಸ ರಾಗ. ಮುಹೂರ್ತದ ದಿನ ಧಾರಾವಾಹಿಗಳ ಅಷ್ಟೂ ಸೊಸೆಯಂದಿರು ಒಂದೇ ವೇದಿಕೆಯಲ್ಲಿ ಸಾಲಾಗಿ ನಿಂತು ತೆರೆ ಸರಿಸಿದರು. ತೆರೆಯ ಹಿಂದೆ ಏನಿತ್ತೆನ್ನುತ್ತೀರಿ? ಒಂದು ತೆಳುವಾದ ಬಿಳಿ ಗೆರೆಯ ವೃತ್ತ. ಹೊಂಬಣ್ಣ ಹೋಯಿತು, ಉಬ್ಬು ಹೋಯಿತು, ಮಡಿಕೆ ಹೋಯಿತು. ಹೋಳಿಗೆಯನ್ನು ಯಾರೋ ತಿಂದು ಮುಗಿಸಿ, ತಟ್ಟೆಯ ಅಂಚನ್ನಷ್ಟೇ ನಮಗೆ ಬಿಟ್ಟಿದ್ದರು. ಅದೂ ಪಾರದರ್ಶಕ, ಹಿಂದೆ ಬಿಳಿ ಗೋಡೆ ಬಂದರೆ ಗೋಡೆಯೊಳಗೇ ಕರಗುವಂಥದ್ದು. ಅದೇ ಬಳಗದ ಗುಜರಾತಿ, ಮರಾಠಿ, ತೆಲುಗು ವಾಹಿನಿಗಳಿಗೂ ಅದೇ ವೃತ್ತ, ಒಂದೇ ಥಾನಿನ ಬಟ್ಟೆಯಲ್ಲಿ ಮನೆಮಂದಿಗೆಲ್ಲ ಅಂಗಿ ಹೊಲಿಸಿದ ಹಾಗೆ. ಪ್ರಣತಿ ಅದನ್ನು ಬಹಳ ಮೆಚ್ಚಿದಳು. ಸರೋಜಾ ಗಮನಿಸಲೇ ಇಲ್ಲ.

ಅವ್ವ ಟೀವಿ ನೋಡುವುದನ್ನು ಬಿಟ್ಟಳು. ಮೊದಲ ನಾಲ್ಕು ದಿನ ರಿಮೋಟು ಹಿಡಿದು ಹಿಂದೆ ಮುಂದೆ ಒತ್ತಿ, ಕನ್ನಡದ ದನಿ ಕೇಳಿದಲ್ಲಿ ನಿಲ್ಲಿಸಿ, ಕುತ್ತಿಗೆಯನ್ನು ಆಚೀಚೆ ವಾಲಿಸಿ ಕೂತಳು. ಐದನೆಯ ದಿನ, "ನೀವ ನೋಡ್ರಿ. ನಂಗ ಬ್ಯಾಸರಾಗೇತಿ," ಎಂದು ಎದ್ದು ತನ್ನ ಕೋಣೆಗೆ ಹೋದಳು. ಸಂಜೆಯೆಲ್ಲ ಮಂಚದ ಮೇಲೆ ಕಿಟಕಿಯ ಕಡೆ ಬೆನ್ನು ಮಾಡಿ ಕೂರುವುದು, ಜಪಮಾಲೆ ಕೈಯಲ್ಲಿದ್ದರೂ ಬೆರಳು ಮುಂದೆ ಹೋಗದಿರುವುದು. ಎರಡು ತಿಂಗಳು ಹೀಗೇ ಆಯಿತು. ಇದರ ಅರ್ಥ ನನಗೆ ಹಗಲಿನಷ್ಟು ಸ್ಪಷ್ಟವಾಗಿತ್ತು. ಇಪ್ಪತ್ತು ವರ್ಷದ ಒಡನಾಡಿಯಾದ ಹೋಳಿಗೆಯನ್ನು ಹೀಗೆ ಏಕಾಏಕಿ ಕಿತ್ತುಕೊಂಡರೆ ಯಾವ ಸಹೃದಯಿ ಸಹಿಸಿಯಾಳು? ಅವ್ವನದು ಸೌಂದರ್ಯಾತ್ಮಕ ಪ್ರತಿಭಟನೆ. ನಾನು ಕೂತು ವಾಹಿನಿಗೆ ಎರಡು ಪುಟದ ಪತ್ರ ಬರೆದೆ. ಚಿರಪರಿಚಿತ ಸುವರ್ಣಪ್ರಭೆಯನ್ನು ತ್ಯಜಿಸಿ ಈ ವಿವರ್ಣ ವೃತ್ತವನ್ನು ವರಿಸಿದ್ದೇಕೆ ಎಂದು ಆರಂಭವಾಗಿ, ಹಿರಿಯ ವೀಕ್ಷಕರ ಭಾವಕೋಶಕ್ಕಾದ ಆಘಾತದ ಮೂಲಕ ಹಾದು, ಕಡೆಗೆ ಮರುಚಿಂತನೆಯ ಮನವಿಯಲ್ಲಿ ಮುಗಿಯುವ ಪತ್ರ. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂಬ ಒಂದು ಸಾಲಿನ ಉತ್ತರ ಅರ್ಧ ನಿಮಿಷದಲ್ಲಿ ಬಂತು. ಅದರ ನೆತ್ತಿಯ ಮೇಲೆ ಅದೇ ಬಿಳಿ ತಟ್ಟೆಯ ಅಂಚು.

ಪತ್ರದ ಪ್ರತಿಯನ್ನು ಅವ್ವನಿಗೆ ಓದಿಹೇಳಿದೆ. ಅವಳು ಪೂರ್ತಿ ಕೇಳಿ, "ಚಲೋ ಬರದೀಪಾ," ಎಂದಳು. ಹಾಗೆನ್ನುವಾಗ ಅವಳ ಕಣ್ಣು ನನ್ನ ಕಡೆಗಿರಲಿಲ್ಲ, ನನ್ನ ಭುಜದ ಆಚೆ ಬೀರುವಿನ ಕಡೆಗಿತ್ತು. ಕೃತಜ್ಞತೆಯಿಂದ ಮುಖ ತಿರುಗಿಸಿದಳೆಂದು ನಾನು ಅರ್ಥೈಸಿಕೊಂಡೆ. ಹದ್ದಿನ ಕಣ್ಣು, ನೋಡಿ.

ಅಷ್ಟರಲ್ಲಿ ಉತ್ತರಾಯಣ ಬಂತು. ನಮ್ಮ ಸಂಕ್ರಾಂತಿಯನ್ನೇ ಗುಜರಾತಿನವರು ಮನೆಯ ಒಳಗಲ್ಲ, ಮಾಳಿಗೆಯ ಮೇಲೆ ಮಾಡುತ್ತಾರೆ. ಎರಡು ದಿನ ಊರಿಗೆ ಊರೇ ಮೇಲೆ ಹತ್ತಿ ಪತಂಗ, ಎಂದರೆ ಗಾಳಿಪಟ, ಹಾರಿಸುತ್ತದೆ. ಗಾಜಿನ ಪುಡಿ ಸವರಿದ ದಾರಕ್ಕೆ ಬೆರಳು ಕೊಯ್ಯದಿರಲೆಂದು ಎಲ್ಲರೂ ಬೆರಳುಗಳಿಗೆ ಬಿಳಿ ಅಂಟುಪಟ್ಟಿ ಸುತ್ತಿಕೊಂಡಿರುತ್ತಾರೆ. ಮೆಟ್ಟಿಲು ಹತ್ತಲಾರೆನೆಂದು ಅವ್ವ ಕೆಳಗೇ ಉಳಿದಳು. ಮಧ್ಯಾಹ್ನ ಎಳ್ಳುಬೆಲ್ಲ ಒಯ್ಯಲು ನಾನೂ ಪ್ರಣತಿಯೂ ಇಳಿದು ಬಂದರೆ ಟೀವಿ ಹಾಡುತ್ತಿದೆ, ಅವ್ವ ಸೋಫಾದ ಮೇಲೆ ಕಾಲು ಮಡಚಿ ಕೂತು ನಗುತ್ತಿದ್ದಾಳೆ. "ಬಾ ಇಲ್ಲೆ, ಈ ಸಣ್ಣ ಸೊಸಿ ಮೂಗುತಿ ಬದಲಿ ಮಾಡ್ಯಾಳ ನೋಡು!" ಎಂದು ಪ್ರಣತಿಯ ಕೈ ಹಿಡಿದು ಕೂರಿಸಿಕೊಂಡಳು. ಪರದೆಯ ಮೂಲೆಯಲ್ಲಿ, ಆ ಬಡಕಲು ವೃತ್ತದ ಮೇಲೆ, ಹಬ್ಬದ ಪ್ರಯುಕ್ತ ದೊಡ್ಡದೊಂದು ಹಳದಿ ಮಡಕೆಯನ್ನೂ ಕಬ್ಬಿನ ಜಲ್ಲೆಗಳನ್ನೂ ಏರಿಸಿದ್ದರು. ನನ್ನ ಪತ್ರ ಫಲಿಸಿತು ಎಂದು, ಸುಳ್ಳೇಕೆ ಹೇಳಲಿ, ಒಂದು ಕ್ಷಣ ನನಗೆ ಅನ್ನಿಸಿತು.

ಮರುದಿನ ಮಧ್ಯಾಹ್ನ ಮಾಳಿಗೆಯ ಮೇಲೆ ಪತಂಗಗಳು ಇನ್ನೂ ಹಾರುತ್ತಿದ್ದವು. ಕೆಳಗೆ ವಾಹಿನಿ ತನ್ನ ಸಂಕ್ರಾಂತಿಯನ್ನು ಮುಗಿಸಿ ಮಡಕೆ ಇಳಿಸಿತ್ತು. ಹರಿದ ಹಳದಿ ಪತಂಗ ಅಂಟಿಸಲು ಕತ್ತರಿ ಹುಡುಕಿಕೊಂಡು ನಾವಿಬ್ಬರೂ ಬಂದಾಗ ಅವ್ವ ಟೀವಿ ಆರಿಸಿ ಸುಮ್ಮನೆ ಕೂತಿದ್ದಳು. ಪ್ರಣತಿ ಹರಿದ ಪತಂಗ ಹಿಡಿದುಕೊಂಡು ಅಲ್ಲೇ ನಿಂತಳು. ಆ ಫೋಟೋ, ನಿನ್ನೆಯ ಮಡಕೆ, ಇವತ್ತಿನ ಮೌನ, ಮೂರನ್ನೂ ಅವಳು ಒಟ್ಟಿಗಿಟ್ಟು ನೋಡಿರಬೇಕು. ಅವಳು ಟೀವಿಯನ್ನು ಮತ್ತೆ ಹಚ್ಚಿ, "ಅಜ್ಜಿ, ಲೋಗೋ ಎಲ್ಲಿ ಇದೆ? ತೋರಿಸಿ," ಎಂದಳು. ಅವ್ವ ಬೆರಳೆತ್ತಿ, ಎತ್ತ ತೋರಿಸಲೆಂದು ತಿಳಿಯದೆ ಇಳಿಸಿದಳು. "ಅಜ್ಜಿ, ನನ್ನ ಫೇಸ್ ಕಾಣತ್ತಾ?"

ಅವ್ವ ಬಹಳ ಹೊತ್ತು ಸೆರಗಿನ ತುದಿ ಸರಿಮಾಡಿಕೊಂಡಳು. ಆಮೇಲೆ ತಪ್ಪು ಮಾಡಿದವಳಂತೆ ಸಣ್ಣ ದನಿಯಲ್ಲಿ ಹೇಳಿದಳು. "ಕಿವಿ ಕಾಣ್ತಾವವಾ. ಕಿವ್ಯಾಗಿನ ಓಲಿ ಕಾಣ್ತಾವ. ನಡುವ ಮಾರಿ ಇರಬೇಕಲ್ಲಾ, ಅಲ್ಲೆ ಮಬ್ಬು." ಒಂದು ಕಣ್ಣು ಆಚೆ ವರ್ಷದ ಗಣಪತಿ ಹಬ್ಬದ ಹೊತ್ತಿಗೇ ಹೋಗಿತ್ತಂತೆ, ಎರಡನೆಯದೂ ಈಗೀಗ ಅದೇ ದಾರಿ ಹಿಡಿದಿತ್ತು. ಟೀವಿಯ ನಡುವಿಗೆ ನೋಡಿದರೆ ಬರೀ ಮಂಜು. ಆದರೆ ಒಂದು ದಿನ ಅವಳಿಗೆ ತಾನಾಗಿ ಒಂದು ಉಪಾಯ ಹೊಳೆದಿತ್ತು. "ಆ ಮೂಲ್ಯಾಗಿನ ಹೋಳಿಗಿ ಹಳದಿ ಇತ್ತಲ್ಲಾ, ಅದು ಓರೆಗಣ್ಣಿಗೆ ಕಾಣತಿತ್ತು. ಅದರ ಕಡೆ ಕಣ್ಣು ತಿರಿವಿದ್ರ ಅದು ಮಾಯ ಆಗತಿತ್ತು, ಆದ್ರ ಬಾಜೂಕಿನ ಮಂದಿ ಮಾರಿ ಕಾಣತಿದ್ವು. ಅದನ್ನ ಹಿಡಕೊಂಡ ಕುಂತಿದ್ನಿ. ಈಗ ಅದನ್ನೂ ತಗದ್ರು. ಎಲ್ಲೆ ನೋಡ್ಬೇಕು ಅಂತನ ತಿಳೀವಲ್ದು."

ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಹೇಳಿದ್ರ ನೀವು ನನ್ನ ಒಲಿ ಮುಂದಿಂದ ಎಬ್ಬಸ್ತಿದ್ರಿ," ಎಂದಳು ಅವ್ವ. ದಿನಕ್ಕೆ ನಾಲ್ಕು ರೊಟ್ಟಿ ಬಡಿಯುವುದು ಅವಳ ಹಕ್ಕು. ಅದನ್ನು ಯಾರಿಗೂ ಬಿಟ್ಟುಕೊಟ್ಟವಳಲ್ಲ. ಕಳೆದ ಒಂದು ವರ್ಷದಿಂದ ರೊಟ್ಟಿಯ ನಡುವೆ ಕಪ್ಪು ಕಲೆ ಬೀಳುತ್ತಿದ್ದದ್ದು ನನಗೆ ಆಗ ನೆನಪಾಯಿತು. ಚಹಾ ಕಪ್ಪಿನ ಬದಲು ಬಸಿಗೆ ಸುರಿಯುತ್ತಿದ್ದದ್ದು, ಪ್ರಣತಿ ಕಾಲೇಜಿಗೆ ಹೊರಟಾಗ ಅವಳ ಗಲ್ಲ ಸವರಿ ಸವರಿ ನೋಡುತ್ತಿದ್ದದ್ದು, ನನ್ನೊಂದಿಗೆ ಮಾತಾಡುವಾಗ ಬೀರುವನ್ನು ನೋಡುತ್ತಿದ್ದದ್ದು, ಒಂದೊಂದೂ ನೆನಪಾಯಿತು. ಬಿಲ್ಲಿನ ಮೇಲೆ ಹೆಚ್ಚಾದ ಒಂದು ಎಲೆಯನ್ನು ಕಂಡುಹಿಡಿದವನು, ಲಾಂಛನದ ಬಣ್ಣಕ್ಕಾಗಿ ಎರಡು ಪುಟ ಬರೆದವನು, ಒಂದೇ ಸೋಫಾದ ಮೇಲೆ ಪಕ್ಕದಲ್ಲಿ ಕೂತಿದ್ದ ತಾಯಿಯ ಕಣ್ಣನ್ನು ಕಾಣಲಿಲ್ಲ. ನನಗೆ ಬಹಳ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಅಲಕಾಪುರಿಯ ಕಣ್ಣಿನ ವೈದ್ಯೆ ಮರುದಿನ ಅರ್ಧ ಗಂಟೆ ಪರೀಕ್ಷೆ ಮಾಡಿದರು. ಕಣ್ಣಿನ ಒಳಗಿನ ಪರದೆಯ ನಡುಭಾಗ ವಯಸ್ಸಿನಿಂದ ಸವೆದು, ಅಲ್ಲಿ ನೀರು ಸೋರುತ್ತಿತ್ತು. ಮೊದಲ ಕಣ್ಣಿನ ನಡುವು ಹೋದದ್ದು ಹೋಯಿತು, ಅಂಚು ಉಳಿದಿದೆ, ಅದು ಉಳಿಯುತ್ತದೆ. ಎರಡನೆಯದನ್ನು ಹಿಡಿದು ನಿಲ್ಲಿಸಬಹುದು, ತಿಂಗಳಿಗೊಂದು ಚುಚ್ಚುಮದ್ದಿನಿಂದ. ಇನ್ನೂ ಕೆಲವು ತಿಂಗಳು ತಡವಾಗಿದ್ದರೆ ಅದೂ ಇರುತ್ತಿರಲಿಲ್ಲ. ಹೇಗೆ ಗೊತ್ತಾಯಿತು ಎಂದು ಅವರು ಕೇಳಿದಾಗ ನಾನು ವಾಹಿನಿಯ ಹಳೆಯ ಲಾಂಛನ, ಹೊಸ ಲಾಂಛನ, ಹಬ್ಬದ ಮಡಕೆ ಎಲ್ಲವನ್ನೂ ವಿವರಿಸಿದೆ. ಆಸ್ಪತ್ರೆಯಲ್ಲಿ ಕಲಿಸಬೇಕಾದ ವಿದ್ಯೆಯನ್ನು ಬಾ, ಎಂದರೆ ಅಮ್ಮ, ತಾವೇ ಕಲಿತುಬಿಟ್ಟಿದ್ದಾರೆ, ನೇರ ನೋಡದೆ ಪಕ್ಕಕ್ಕೆ ನೋಡುವುದೇ ಇದಕ್ಕೆ ದಾರಿ ಎಂದು ವೈದ್ಯೆ ಅವ್ವನ ಕೈ ಹಿಡಿದು ಗುಜರಾತಿಯಲ್ಲಿ ಹೊಗಳಿದರು. ಅವ್ವ ನನ್ನ ಕಡೆ ತಿರುಗಿ, ರೊಟ್ಟಿ ಬಡಿಯಬಹುದೋ ಇಲ್ಲವೋ ಕೇಳು ಎಂದಳು. ಯಾರಾದರೂ ಜೊತೆಗಿದ್ದರೆ ಬಡಿಯಬಹುದಂತೆ. ಆ ಜೊತೆ ನಾನು. ರೊಟ್ಟಿ ತಿರುವಿಹಾಕುವ ಹೊತ್ತನ್ನು ಹೇಳುವ ಹುದ್ದೆ. ಇದಕ್ಕೆ ನಿವೃತ್ತಿ ಇಲ್ಲ.

ನಮಗೆ ಅಷ್ಟೊಂದು ಬೇಸರ ತರಿಸಿದ ಆ ಬಿಳಿ ವೃತ್ತವನ್ನು ನಾನೀಗ ಬೈಯುವುದಿಲ್ಲ. ಅದು ಬಾರದೇ ಹೋಗಿದ್ದರೆ ಹಳೆಯ ಹೋಳಿಗೆಯ ಆಸರೆಯಲ್ಲಿ ಅವ್ವ ಇನ್ನೂ ಒಂದು ವರ್ಷ ಸುಖವಾಗಿ ಕೂತಿರುತ್ತಿದ್ದಳು, ನಾವು ನಗುತ್ತಲೇ ಇರುತ್ತಿದ್ದೆವು, ಎರಡನೆಯ ಕಣ್ಣೂ ಆರುತ್ತಿತ್ತು. ವಾಹಿನಿಗೆ ಇನ್ನೊಂದು ಪತ್ರ ಬರೆಯೋಣವೆಂದು ಕೂತವನು, ಮೊದಲ ವಾಕ್ಯವೇ ಮೂರು ಸಾಲು ದಾಟಿದ್ದನ್ನು ಕಂಡು ಹರಿದುಹಾಕಿದೆ.

ಈಗ ನಮ್ಮ ಟೀವಿಯ ಬಲಮೂಲೆಗೆ ಬರೋಣ. ವೈದ್ಯೆಯ ಬಳಿಯಿಂದ ಬಂದ ಸಂಜೆಯೇ ಪ್ರಣತಿ ಆ ಹರಿದ ಹಳದಿ ಪತಂಗದ ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಬಟ್ಟಲಿನ ಅಳತೆಗೆ ದುಂಡಗೆ ಕತ್ತರಿಸಿ, ಬೆರಳಿಗೆ ಸುತ್ತಿಕೊಳ್ಳುವ ಅದೇ ಅಂಟುಪಟ್ಟಿಯಿಂದ ಪರದೆಯ ಮೂಲೆಗೆ, ಬಿಳಿ ವೃತ್ತದ ಮೇಲೆಯೇ ಅಂಟಿಸಿದಳು. ಅಡ್ಡಲಾಗಿ ಒಂದು ಮಡಿಕೆಯ ಗೆರೆಯೂ ಇದೆ. ವಿನ್ಯಾಸಕಲೆಯ ಯಾವ ನಿಯಮಕ್ಕೂ ಅದು ಒಗ್ಗುವುದಿಲ್ಲವೆಂದು ಅವಳೇ ಹೇಳುತ್ತಾಳೆ. ಕನ್ನಡ ಧಾರಾವಾಹಿ ಇರಲಿ, ಗುಜರಾತಿ ವಾರ್ತೆ ಇರಲಿ, ಕ್ರಿಕೆಟ್ಟಿರಲಿ, ನಮ್ಮ ಮನೆಯಲ್ಲಿ ಎಲ್ಲ ವಾಹಿನಿಗಳಿಗೂ ಈಗ ಅದೊಂದೇ ಲಾಂಛನ. ಆ ಮೂಲೆಯನ್ನು ಯಾರೂ ನೋಡುವುದಿಲ್ಲ ಎಂದು ಮೊದಲಲ್ಲಿ ಹೇಳಿದ್ದೆನಲ್ಲ, ನಮ್ಮ ಮನೆಯ ಮಟ್ಟಿಗೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ನಿನ್ನೆ ಸಂಜೆ ಅವ್ವನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಿದ್ದೆ. ಮೂರನೆಯ ಚುಚ್ಚುಮದ್ದು ಆಗಿ ನಾಲ್ಕು ದಿನವಾಗಿತ್ತು. ಅವಳ ಕಣ್ಣು ಮೊದಲು ನನ್ನ ಮುಖದ ಮೇಲೆ ಬಂದು, ಅಲ್ಲಿ ಏನೂ ಸಿಗದೆ, ನಿಧಾನವಾಗಿ ಮೇಲಕ್ಕೆ ಸರಿದು, ನನ್ನ ಕಿವಿಯ ಆಚೆ, ಯಾರೂ ಇಲ್ಲದ ಒಂದು ಜಾಗದಲ್ಲಿ ನಿಂತಿತು. ನಾನು ಅಲುಗಾಡದೆ ಕೂತೆ. ಹೀಗೆ ನನ್ನನ್ನು ಬಿಟ್ಟು ಪಕ್ಕಕ್ಕೆ ನೋಡಿದಾಗಲೇ ಅವಳು ನನ್ನನ್ನು ನೋಡುತ್ತಿರುತ್ತಾಳೆಂದು ನನಗೀಗ ಗೊತ್ತು. "ಎಷ್ಟ ಸೊರಗೀಯಲ್ಲೋ," ಎಂದಳು ಅವ್ವ, "ನಾಳೆ ಹೋಳಿಗಿ ಮಾಡೂಣು, ಬ್ಯಾಳಿ ನೆನಿ ಹಾಕು."